ಊರಿನ ಬಗ್ಗೆ ಮಾತ್ರ ನಾಲ್ಕು ಮಾತು

ಈ ಸಭೆಯ ಅಧ್ಯಕ್ಷಸ್ಥಾನವನ್ನು ಅಲಂಕರಿಸಿರುವ, ಊರಿನ ಅಷ್ಟೂ ಮೀನು ಕೊಳೆಯದಂತೆ ಕಾಪಾಡುತ್ತಿರುವ ಐಸ್ ಕಾರ್ಖಾನೆಯ ಮಾಲೀಕರೇ, ಮುಖ್ಯ ಅತಿಥಿಗಳಾಗಿ ಬಂದಿರುವ, ಬಂದ ಗಳಿಗೆಯಿಂದ ಕರವಸ್ತ್ರವನ್ನು ಮೂಗಿನಿಂದ ಕೆಳಗಿಳಿಸದ ಬಂದರಿನ ಹೊಸ ಅಧಿಕಾರಿಗಳೇ, ನಮ್ಮ ಮೀನುಗಾರರ ಸಂಘದ ಕಾರ್ಯದರ್ಶಿಗಳೇ, ಇಂದು ಸನ್ಮಾನ ಸ್ವೀಕರಿಸಲಿರುವ ಹಿರಿಯರೇ, ಮುಂದಿನ ಸಾಲಿನ ಗಣ್ಯರೇ, ಚಹಾ ಎಲ್ಲಿಗೆ ಬಂತೆಂದು ಬಾಗಿಲ ಕಡೆಗೇ ನೋಡುತ್ತಿರುವ ಹಿಂದಿನ ಸಾಲಿನ ನನ್ನ ಆತ್ಮೀಯ ಸಭಿಕರೇ,

ಈ ವಾರ್ಷಿಕೋತ್ಸವದಲ್ಲಿ ನನಗೆ ವಹಿಸಿರುವ ಕೆಲಸ ಚಿಕ್ಕದು. ಹೊಸ ಅಧಿಕಾರಿಗಳಿಗೆ ನಮ್ಮ ಊರನ್ನು ಪರಿಚಯ ಮಾಡಿಕೊಡಬೇಕು. ಸನ್ಮಾನಿತರನ್ನು ಪರಿಚಯಿಸುವ ಕೆಲಸ ಶಾಲೆಯ ಟೀಚರಮ್ಮನವರದು. ಕಾರ್ಯದರ್ಶಿಗಳು ನಿನ್ನೆ ನಮ್ಮ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕುಳಿತು, ಬಹಳ ನಾಜೂಕಾಗಿ ಹೇಳಿದರು: "ನೀವು ಊರಿನ ಬಗ್ಗೆ ಮಾತ್ರ ನಾಲ್ಕು ಮಾತು ಆಡಿ. ಅಣ್ಣನ ವಿಷಯ ಎತ್ತಬೇಡಿ. ಸಭೆ ಸುಸೂತ್ರವಾಗಿ ಮುಗೀಲಿ." ಸನ್ಮಾನಿತರು ನನ್ನ ಒಡಹುಟ್ಟಿದ ಅಣ್ಣ. ನಾವಿಬ್ಬರೂ ಮಾತು ಬಿಟ್ಟು ಇಪ್ಪತ್ತು ವರ್ಷವಾಯಿತು. ಅಧಿಕಾರಿಗಳೊಬ್ಬರನ್ನು ಬಿಟ್ಟರೆ ಇದು ಇಲ್ಲಿ ಎಲ್ಲರಿಗೂ, ಕಿಟಕಿಯ ಮೇಲೆ ಕುಳಿತಿರುವ ಆ ಬೆಕ್ಕಿಗೂ, ಗೊತ್ತಿರುವ ಸಂಗತಿ. ಆದ್ದರಿಂದ ಕಾರ್ಯದರ್ಶಿಗಳ ಮಾತಿಗೆ ನಾನು ಒಪ್ಪಿದೆ. ಊರಿನ ಬಗ್ಗೆ ಮಾತ್ರ ಮಾತನಾಡುತ್ತೇನೆ.

ಮಾನ್ಯ ಅಧಿಕಾರಿಗಳೇ, ನಮ್ಮ ಊರಿಗೆ ಇರುವುದು ಒಂದೇ ಬೀದಿ. ಅದು ಬಸ್ ನಿಲ್ದಾಣದಲ್ಲಿ ಶುರುವಾಗಿ ಸಮುದ್ರದಲ್ಲಿ ಮುಗಿಯುತ್ತದೆ. ಬಸ್ಸಿನ ಡ್ರೈವರ್ ಬ್ರೇಕು ಒತ್ತಲು ಮರೆತರೆ ಪ್ರಯಾಣಿಕರೆಲ್ಲ ಟಿಕೆಟ್ಟಿನ ಸಮೇತ ಮೀನು ಹಿಡಿಯಲು ಹೋಗಬಹುದು. ಬೀದಿಯ ಎಡಕ್ಕೆ ಡೀಸೆಲ್ ಬಂಕು, ಬಲೆ ಅಂಗಡಿ, ಕ್ಷೌರದ ಅಂಗಡಿ, ಬಣ್ಣದ ಅಂಗಡಿ. ಬಲಕ್ಕೆ ಐಸ್ ಕಾರ್ಖಾನೆ, ಹರಾಜು ಕಟ್ಟೆ, ಮತ್ತು ಈಗ ನಾವು ಕುಳಿತಿರುವ ಈ ಸಭಾಂಗಣ. ಇದು ಸಭಾಂಗಣವಾಗಿರುವುದು ಇವತ್ತು ಒಂದು ದಿನ ಮಾತ್ರ. ಉಳಿದ ದಿನ ಇಲ್ಲಿ ಹಳೆಯ ಬಲೆ ರಾಶಿ ಹಾಕಿರುತ್ತಾರೆ. ನಿಮ್ಮ ಕುರ್ಚಿಯ ಕಾಲಿಗೆ ಏನಾದರೂ ಸಿಕ್ಕಿಕೊಂಡಿದ್ದರೆ ಗಾಬರಿಯಾಗಬೇಡಿ, ಬಿಡಿಸಿ ಕೊಡುತ್ತೇವೆ.

ಇನ್ನು ವಾಸನೆಯ ವಿಚಾರ. ನೀವು ಸಂಕೋಚಪಡಬೇಕಾಗಿಲ್ಲ, ಬಂದವರೆಲ್ಲ ಮೊದಲು ಮೂಗನ್ನೇ ಮುಚ್ಚಿಕೊಂಡಿದ್ದಾರೆ. ಒಂದು ತಿಂಗಳಲ್ಲಿ ನಿಮ್ಮ ಮೂಗು ಸೋಲೊಪ್ಪಿಕೊಳ್ಳುತ್ತದೆ. ಆಮೇಲೆ ರಜೆಗೆಂದು ನಿಮ್ಮ ಊರಿಗೆ ಹೋದಾಗ ಅಲ್ಲಿನ ಗಾಳಿಯಲ್ಲಿ ಏನೋ ಕಮ್ಮಿಯಾಗಿದೆ ಅನ್ನಿಸುತ್ತದೆ. ನಿಮಗಿಂತ ಮುಂಚೆ ಇದ್ದ ಅಧಿಕಾರಿಗಳು ವರ್ಗವಾಗಿ ಹೋಗುವಾಗ ಬಸ್ಸಿನಲ್ಲಿ ಅತ್ತರು. ನಮ್ಮನ್ನು ಬಿಟ್ಟು ಹೋಗುವ ದುಃಖಕ್ಕೋ, ಪಕ್ಕದ ಸೀಟಿನ ಒಣಮೀನಿನ ಬುಟ್ಟಿಗೋ, ನಾವು ಕೇಳಲು ಹೋಗಲಿಲ್ಲ.

ಆಮಂತ್ರಣ ಪತ್ರಿಕೆಯಲ್ಲಿ ನಮ್ಮ ಊರನ್ನು 'ಪ್ರಶಾಂತ' ಎಂದು ಅಚ್ಚು ಹಾಕಿಸಿದ್ದಾರೆ. ಅದನ್ನು ಬರೆದವರು ಯಾರೆಂದು ನನಗೆ ತಿಳಿಯದು. ಅವರು ಬೆಳಿಗ್ಗೆ ಬೋಟುಗಳು ಬರುವ ಹೊತ್ತಿಗೆ ಹರಾಜು ಕಟ್ಟೆಗೆ ಬಂದವರಂತೂ ಅಲ್ಲ. ಅಲ್ಲಿ ನಮ್ಮ ಹರಾಜಕ್ಕ ನಿಂತಿರುತ್ತಾರೆ. ಎದ್ದು ನಿಲ್ಲಿ ಅಕ್ಕ, ಎಲ್ಲರೂ ನೋಡಲಿ. ಮಂಜಿನಲ್ಲಿ ದಾರಿ ತಪ್ಪಿದ ಬೋಟುಗಳು ಇವರ ದನಿಯ ಜಾಡು ಹಿಡಿದು ದಡ ಸೇರಿದ್ದುಂಟು. ಯಾವುದನ್ನೇ ಆಗಲಿ ಮೂರು ಸಲ ಕೂಗಿ ಮುಗಿಸುವ ಅಭ್ಯಾಸ ಇವರದು. ಮನೆಯಲ್ಲಿ ಯಜಮಾನರನ್ನು ಊಟಕ್ಕೂ ಮೂರೇ ಸಲ ಕರೆಯುತ್ತಾರಂತೆ, ಮೂರನೆಯದಕ್ಕೆ ಬರದಿದ್ದರೆ ತಟ್ಟೆ ಮಗನ ಪಾಲು. ಇಡೀ ಕಟ್ಟೆ ಇವರ ಬಾಯಿಯನ್ನೇ ನೋಡುತ್ತಿರುವಾಗ ಒಬ್ಬ ಮಾತ್ರ ಬೆನ್ನು ತಿರುಗಿಸಿ, ಸಮುದ್ರದ ಕಡೆ ಮುಖ ಮಾಡಿ ನಿಲ್ಲುತ್ತಾನೆ. ತಾನು ಹಿಡಿದದ್ದಕ್ಕೆ ಎಷ್ಟು ಬಂತು ಎಂದು ಆಮೇಲೂ ಕೇಳುವುದಿಲ್ಲ. ನಮ್ಮ ಅತ್ತಿಗೆ ಹೋಗಿ ವಿಚಾರಿಸಿಕೊಂಡು ಬರಬೇಕು. ಅಷ್ಟು ಜಂಬ.

ಕ್ಷಮಿಸಿ. ಕಾರ್ಯದರ್ಶಿಗಳು ಕೆಮ್ಮುತ್ತಿದ್ದಾರೆ. ಊರಿನ ಬಗ್ಗೆ.

ನಮ್ಮ ಊರಿನಲ್ಲಿ ಯಾರನ್ನೂ ಅವರ ನಿಜವಾದ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಅಂಚೆಯವನಿಗೇ ನಮ್ಮ ಹೆಸರುಗಳು ಗೊತ್ತಿಲ್ಲ, ಪಾಪ, ಪತ್ರ ಹಿಡಿದುಕೊಂಡು ಕ್ಷೌರದ ಅಂಗಡಿಯಲ್ಲಿ ವಿಚಾರಿಸುತ್ತಾನೆ. ನನ್ನನ್ನು ಇವರೆಲ್ಲ 'ಗುಲಾಬಿ' ಎನ್ನುತ್ತಾರೆ. ಅಧಿಕಾರಿಗಳೇ, ನನ್ನನ್ನು ಒಮ್ಮೆ ಸರಿಯಾಗಿ ನೋಡಿ. ಮೊಣಕೈವರೆಗೆ ಎಂಜಿನ್ ಎಣ್ಣೆ ಇಳಿದು ಚರ್ಮದ ಬಣ್ಣವೇ ಆಗಿಹೋದ ಮನುಷ್ಯ ನಾನು. ಈ ಮುಖಕ್ಕೆ ಗುಲಾಬಿ ಎಂಬ ಹೆಸರು ಹೇಗೆ ಬಂತು? ಅದು ಊರಿನ ಚರಿತ್ರೆಗೆ ಸೇರಿದ ವಿಷಯವಾದ್ದರಿಂದ ಹೇಳಬಹುದೆಂದು ಭಾವಿಸುತ್ತೇನೆ.

ಅದಕ್ಕೆ ಮೊದಲು ನಮ್ಮ ಕೆಲಸ ನಡೆಯುವ ಬಗೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಸಮುದ್ರದ ಮೇಲೆ ರಸ್ತೆಯಿಲ್ಲ, ಮೈಲಿಗಲ್ಲೂ ಇಲ್ಲ. ನೀರಿನ ಅಡಿಯಲ್ಲಿ ಬಂಡೆಗಳಿವೆ, ಮೀನು ಅವುಗಳ ಸುತ್ತಲೇ ಸೇರುವುದು. ಬಂಡೆಯ ಪಕ್ಕಕ್ಕೆ ಬಲೆ ಬಿಟ್ಟರೆ ಬೋಟು ತುಂಬುತ್ತದೆ, ಬಂಡೆಯ ಮೇಲೆಯೇ ಬಿಟ್ಟರೆ ಬಲೆ ಚಿಂದಿಯಾಗುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಕಡೆಯೂ ಒಂದೇ ನೀರು. ಹಾಗಾದರೆ ಬಂಡೆ ಎಲ್ಲಿದೆ ಎಂದು ತಿಳಿಯುವುದು ಹೇಗೆ? ದಡವನ್ನು ನೋಡಿ. ದಡದ ಮೇಲಿನ ಒಂದು ಗುರುತು, ಅದರ ಹಿಂದೆ ದೂರದಲ್ಲಿ ಇನ್ನೊಂದು ಗುರುತು, ಎರಡೂ ಒಂದರ ನೇರಕ್ಕೆ ಒಂದು ಬರುವಂತೆ ಬೋಟನ್ನು ನಿಲ್ಲಿಸಿದರೆ ಅದು ಒಂದು ಗೆರೆ. ದಡದ ಬೇರೊಂದು ಕಡೆ ಅಂಥದೇ ಮತ್ತೊಂದು ಜೋಡಿ ಹಿಡಿದರೆ ಇನ್ನೊಂದು ಗೆರೆ. ಎರಡು ಗೆರೆ ಕೂಡಿದ ಕಡೆ ನಿಮ್ಮ ಬಂಡೆ. ಈ ಗುರುತುಗಳನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಗಂಡ ಹೆಂಡತಿಗೆ ಹೇಳುವುದಿಲ್ಲ, ಹೇಳಿದರೆ ಸಂಜೆಯೊಳಗೆ ನಲ್ಲಿಯ ಹತ್ತಿರ ಎಲ್ಲರಿಗೂ ತಿಳಿಯುತ್ತದೆ. ಈಗ ದಾರಿ ತೋರಿಸುವ ಯಂತ್ರ ಬಂದಿದೆ, ಎಲ್ಲ ಬೋಟುಗಳಲ್ಲೂ ಇದೆ, ನಮ್ಮದರಲ್ಲೂ ಇದೆ. ನಮ್ಮದನ್ನು ಅಣ್ಣ ಒಮ್ಮೆಯೂ ಹಚ್ಚಲಿಲ್ಲ, ಬಂಡೆಯ ಜಾಗ ಅದರಲ್ಲಿ ಉಳಿದರೆ ಬೇರೆ ಯಾರಾದರೂ ಓದುತ್ತಾರೆಂದು ಅದರ ಮೇಲೆ ತನ್ನ ಟೋಪಿ ಮುಚ್ಚಿಡುತ್ತಿದ್ದ.

ನಮ್ಮ ಅಪ್ಪನಿಗೂ ಒಂದು ಬಂಡೆಯಿತ್ತು. ಅಪ್ಪ ಸಾಯುವ ಮುಂಚೆ ಅದರ ಗುರುತುಗಳನ್ನು ಅಣ್ಣನಿಗೆ ಹೇಳಿದರು. ಅಣ್ಣನಿಗೆ ಮಾತ್ರ. ನಾನು ಆಗಲೂ ಎಂಜಿನ್ನಿನವನು, ಬೋಟಿನ ಹೊಟ್ಟೆಯೊಳಗೆ ಇರುವವನು, ದಡ ನೋಡುವ ಕೆಲಸ ನನಗೇನಿದೆ? ಇರಲಿ. ಅಪ್ಪನ ಮನೆ ನನ್ನ ಪಾಲಿಗೆ ಬಂತು, ಬಂಡೆ ಅಣ್ಣನ ಪಾಲಿಗೆ ಹೋಯಿತು, ಬೋಟು ಇಬ್ಬರದೂ ಆಯಿತು. ಆಮೇಲೆ ನನಗೆ ಮದುವೆ ಗೊತ್ತಾಯಿತು. ಹುಡುಗಿಗೆ ಬಿಳಿ ಗೋಡೆ ಆಗದು, ಆಸ್ಪತ್ರೆಯ ಹಾಗಿರುತ್ತದೆ ಎಂದಳು. ಬಣ್ಣದ ಅಂಗಡಿಯಲ್ಲಿ ಒಂದು ಕಾರ್ಡು ತೋರಿಸಿದರು, ಅದರಲ್ಲಿ ಉಗುರಿನಷ್ಟು ಜಾಗದಲ್ಲಿ ಒಂದು ಮುದ್ದಾದ ಗುಲಾಬಿ ಬಣ್ಣ. ಉಗುರಿನಷ್ಟು ಇರುವಾಗ ಮುದ್ದಾಗಿಯೇ ಇತ್ತು. ಸಮುದ್ರದ ಕಡೆಯ ಹಿಂಗೋಡೆಗೆ ಬಳಿದು ಹಿಂದೆ ಸರಿದು ನೋಡಿದಾಗ ನನಗೇ ಎದೆ ಝಲ್ಲೆಂದಿತು. ಕಾಗೆಗಳು ಒಂದು ವಾರ ಆ ಕಡೆ ಹಾರಲಿಲ್ಲ.

ಅದೇ ದಿನ ಅಣ್ಣ ಸಮುದ್ರದಲ್ಲಿದ್ದ. ನಾನು ರಜೆ ಹಾಕಿದ್ದೆ. ಆತ ಅಪ್ಪನ ಬಂಡೆಗೆ ಹೋಗಿ, ಬಿಳಿ ಗೋಡೆ ಎಲ್ಲಿ ಎಂದು ದಡವನ್ನು ನೋಡಿದ್ದಾನೆ. ಒಂದು ಬಿಳಿ ಗೋಡೆ ಕಂಡಿದೆ. ಅದರ ನೇರಕ್ಕೆ ಬೋಟು ನಿಲ್ಲಿಸಿ ಬಲೆ ಬಿಟ್ಟಿದ್ದಾನೆ. ಅಧ್ಯಕ್ಷರೇ, ಅದು ನಮ್ಮ ಗೋಡೆಯಲ್ಲ, ಆ ವಾರವಷ್ಟೇ ಸುಣ್ಣ ಬಳಿಸಿದ್ದ ನಿಮ್ಮ ಐಸ್ ಗೋದಾಮು. ಇಪ್ಪತ್ತು ವರ್ಷದಿಂದ ಈ ಜಗಳದಲ್ಲಿ ನಿಮಗೂ ಒಂದು ಪಾಲಿದೆ, ನೀವು ಮಾತ್ರ ಹಾಯಾಗಿ ಅಧ್ಯಕ್ಷರಾಗಿದ್ದೀರಿ. ಬಲೆ ನೇರವಾಗಿ ಬಂಡೆಯ ತಲೆಯ ಮೇಲೆ ಇಳಿಯಿತು. ಮೇಲೆ ಬಂದದ್ದು ಹಗ್ಗ ಮತ್ತು ಬಲೆ ತೇಲಿಸುವ ನಾಲ್ಕು ಬೆಂಡು.

ಸಂಜೆ ಅಣ್ಣ ನಮ್ಮ ಹಿತ್ತಿಲಿಗೆ ಬಂದ. ಕೈಯಲ್ಲಿ ಹರಿದ ಬಲೆಯ ತುಂಡು. ಗೋಡೆಯನ್ನು ನೋಡಿದ, ನನ್ನನ್ನು ನೋಡಿದ. "ಗೋಡೆಗೆ ಬಣ್ಣ ಬಳಿಯೋ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದ. ಕೇಳುವುದಕ್ಕೆ ಅದು ಅವನ ಮನೆಯೇ? ಆಮೇಲೆ ಅದು ಅಪ್ಪನ ಬಂಡೆಯ ಗುರುತೆಂದು ತಿಳಿದಾಗ ನನಗೆ ಅದಕ್ಕಿಂತ ಹೆಚ್ಚು ಉರಿಯಿತು. "ಅದು ಗುರುತು ಅಂತ ನೀನು ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದೆ. ಸಭಿಕರೇ, ನಾನು ಹುಟ್ಟಿ ಬೆಳೆದ ಮನೆಯ ಗೋಡೆ. ನಾನು ಅದಕ್ಕೆ ಒರಗಿ ಕುಳಿತು ಅಕ್ಷರ ಕಲಿತಿದ್ದೆ. ಅದರ ಗುಟ್ಟು ನನಗೊಬ್ಬನಿಗೆ ಗೊತ್ತಿರಬಾರದಿತ್ತೆ? ಆ ಎರಡು ಪ್ರಶ್ನೆಗಳೇ ನಾವಿಬ್ಬರೂ ನೇರವಾಗಿ ಆಡಿದ ಕೊನೆಯ ಮಾತು.

ಹೌದು ಕಾರ್ಯದರ್ಶಿಗಳೇ, ನಿಮ್ಮ ಚೀಟಿ ತಲುಪಿತು. 'ಊರು' ಎಂದು ಬರೆದು ಎರಡು ಗೆರೆ ಎಳೆದಿದ್ದೀರಿ. ಊರಿಗೇ ಬರುತ್ತಿದ್ದೇನೆ.

ಈ ಊರಿನ ಒಂದು ಗುಣವನ್ನು ಅಧಿಕಾರಿಗಳು ತಿಳಿದಿರಬೇಕು. ಇಲ್ಲಿ ಜಗಳವಾಡಿದವರು ಬೇರೆಯಾಗುವಂತಿಲ್ಲ. ಎಂಜಿನ್ ನನಗೆ ಗೊತ್ತು, ಚುಕ್ಕಾಣಿ ಅವನಿಗೆ ಗೊತ್ತು, ಬೋಟು ಒಂದೇ. ಅದನ್ನು ಅರ್ಧ ಸೀಳಿ ಹಂಚಿಕೊಂಡರೆ ಎರಡೂ ತೇಲುವುದಿಲ್ಲ. ಆದ್ದರಿಂದ ಮಾರನೆಯ ದಿನವೇ ಇಬ್ಬರೂ ಅದೇ ಬೋಟು ಹತ್ತಿದೆವು, ಮಾತು ಮಾತ್ರ ದಡದಲ್ಲಿ ಬಿಟ್ಟೆವು. ನಮ್ಮಿಬ್ಬರ ನಡುವೆ ಬೋಟಿನ ಅಡುಗೆಯವ. ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಾನೆ ನೋಡಿ. ಮೇಲಿನಿಂದ ಅಣ್ಣ, "ಅವನಿಗೆ ಹೇಳು, ಆ ಎಂಜಿನ್ನು ಕೂಗಾಡ್ತಿದೆ, ಅವನ ಹಾಗೇ" ಎನ್ನುತ್ತಿದ್ದ. ಇವನು ಕೆಳಗಿಳಿದು ಬಂದು, "ಎಂಜಿನ್ ಸ್ವಲ್ಪ ಸದ್ದು ಜಾಸ್ತಿಯಂತೆ" ಎನ್ನುತ್ತಿದ್ದ. ನಾನು ಕೊಟ್ಟ ಖಾರವೂ ಮೇಲೆ ಹೋಗುವಷ್ಟರಲ್ಲಿ ಸಪ್ಪೆಯಾಗಿರುತ್ತಿತ್ತು. ಅವನ ಸಾರಿನ ಹಾಗೆಯೇ. ಅವನಿಗೆ ಜ್ವರ ಬಂದ ದಿನ ಅಣ್ಣ ಲಾಟೀನಿಗೆ ಹೇಳುತ್ತಿದ್ದ, ನಾನು ಪಂಪಿಗೆ ಉತ್ತರ ಕೊಡುತ್ತಿದ್ದೆ.

ಒಮ್ಮೆ ಗಾಳಿಯ ಹೊಡೆತಕ್ಕೆ ನಾನು ಬೋಟಿನಿಂದ ಆಚೆ ಬಿದ್ದೆ. ಅಣ್ಣ ಕೂಗಿದ. ನನ್ನ ಹೆಸರು ಹಿಡಿದು ಕೂಗಿದನೆಂದು ಅಡುಗೆಯವ ಇವತ್ತಿಗೂ ಹೇಳುತ್ತಾನೆ, ನನ್ನ ಕಿವಿಯಲ್ಲಿ ನೀರಿತ್ತು, ನಾನು ಸಾಕ್ಷಿ ಹೇಳಲಾರೆ. ಹಗ್ಗ ಎಸೆದವನು ಅವನೇ, ಎಳೆದವನೂ ಅವನೇ, ಅಂಗೈ ಕಿತ್ತುಹೋಗಿತ್ತು. ನಾನು ಹಲಗೆಯ ಮೇಲೆ ಬಿದ್ದುಕೊಂಡು ಉಪ್ಪುನೀರು ಕಾರುತ್ತಿದ್ದಾಗ ಅವನು ನನ್ನ ತಲೆಯ ಮೇಲಿಂದ ಅಡುಗೆಯವನ ಕಡೆ ನೋಡಿ, "ಅವನಿಗೆ ಹೇಳು, ನೀರಾಟ ಆಡೋ ವಯಸ್ಸಲ್ಲ ಇದು" ಎಂದ. ನನಗೆ ಅಳು ಬಂತು. ಸಿಟ್ಟಿಗೆ ಎಂದುಕೊಂಡಿದ್ದೆ, ಸಿಟ್ಟಿಗೆ ಅಲ್ಲ.

ನಮ್ಮ ಮನೆಯ ಹೆಂಗಸರು ಮಾತು ಬಿಡಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಅತ್ತಿಗೆಯೂ ನನ್ನ ಹೆಂಡತಿಯೂ ದಿನಾ ಕೂಡುತ್ತಾರೆ, ನಮ್ಮಿಬ್ಬರ ವಿಷಯ ಬಂದಾಗ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾರೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ನಮ್ಮ ಹಿಂಬಾಗಿಲಲ್ಲಿ ಒಂದು ಡಬ್ಬ ಇರುತ್ತದೆ. ಗುಲಾಬಿ ಬಣ್ಣದ ಡಬ್ಬ. ಯಾರು ಇಟ್ಟರೆಂದು ಅತ್ತಿಗೆಯನ್ನು ಕೇಳಿದರೆ ನನಗೇನು ಗೊತ್ತು ಎನ್ನುತ್ತಾರೆ. ನನಗೆ ಗೊತ್ತಿತ್ತು. ಅಣ್ಣ ನನ್ನನ್ನು ಹಂಗಿಸುತ್ತಿದ್ದಾನೆ, ನೀನು ಮಾಡಿದ ಘನಕಾರ್ಯ ಮರೆಯಬೇಡ ಎನ್ನುತ್ತಿದ್ದಾನೆ ಎಂದು ಲೆಕ್ಕ ಹಾಕಿದ್ದೆ. ಅವನ ಹೊಟ್ಟೆ ಇನ್ನಷ್ಟು ಉರಿಯಲಿ ಎಂದು ನಾನೂ ಬಿಡದೆ, ಪ್ರತಿ ವರ್ಷ ಒಂದರ ಮೇಲೊಂದು ಎರಡೆರಡು ಸಲ ಬಳಿಯುತ್ತಿದ್ದೆ. ನನ್ನ ಹೆಂಡತಿಗೆ ಆ ಬಣ್ಣ ಸಾಕಾಗಿ ಯಾವ ಕಾಲವಾಯಿತೋ. ಹಳದಿ ಮಾಡಿ ಎಂದು ಅವಳು ಗೋಗರೆದರೂ ನಾನು ಜಗ್ಗಲಿಲ್ಲ. ಇಂಥ ಗಂಡನನ್ನು ಕಟ್ಟಿಕೊಂಡ ಅವಳಿಗೂ ಸಂಘದವರು ಒಂದು ಫಲಕ ಕೊಡಬಹುದು.

ಈಗ ಹೋದ ತಿಂಗಳ ಮಾತು. ಬೋಟು ಅಪ್ಪನ ಬಂಡೆಯ ಕಡೆ ಹೋಗಿತ್ತು. ಅಲ್ಲಿ ಎಂದಿನ ಹಾಗೆ ಬಲೆ ಇಳಿಯಲಿಲ್ಲ. ಬೋಟು ಸುಮ್ಮನೆ ಹಿಂದಕ್ಕೂ ಮುಂದಕ್ಕೂ ಸುತ್ತುತ್ತಿತ್ತು. ಅಡುಗೆಯವ ಕೆಳಗೆ ಬಂದು, "ಈ ವರ್ಷ ನೀವು ಹಿಂಗೋಡೆಗೆ ಬಣ್ಣ ಬಳಿದಿಲ್ಲವಾ ಅಂತ ಕೇಳ್ತಿದಾರೆ" ಎಂದ. ಹಿಂದಿನ ವಾರವಷ್ಟೇ ಬಳಿದಿದ್ದೆ. ಇನ್ನೂ ಉಗುರಿನಿಂದ ಬಣ್ಣ ಹೋಗಿರಲಿಲ್ಲ. ಸಿಟ್ಟು ನೆತ್ತಿಗೇರಿತು, ಸ್ಪ್ಯಾನರ್ ಹಿಡಿದುಕೊಂಡೇ ಮೇಲೆ ಬಂದೆ. ಇವತ್ತು ನೇರವಾಗಿ ಎರಡು ಮಾತು ಆಡಿಯೇ ಬಿಡೋಣ ಎಂದು ಬಂದೆ.

ಬೋಟಿನ ಮೇಲೆ ನಿಂತು ದಡವನ್ನು ನೋಡಿದೆ. ಇಡೀ ದಡದಲ್ಲಿ ಕಣ್ಣಿಗೆ ಹೊಡೆಯುವ ವಸ್ತು ಒಂದೇ ಒಂದು. ನನ್ನ ಗೋಡೆ. ಅಷ್ಟು ದೂರದಿಂದಲೂ ಬಾ ಎಂದು ಕೂಗುತ್ತಿತ್ತು. ಅಣ್ಣ ಚುಕ್ಕಾಣಿ ಹಿಡಿದು, ಇನ್ನೊಂದು ಕೈ ಹುಬ್ಬಿಗೆ ಅಡ್ಡ ಹಿಡಿದು, ಅದು ಇಲ್ಲದ ಕಡೆ ನೋಡುತ್ತಿದ್ದ.

ಸಭಿಕರೇ, ಅಲ್ಲಿ ನಿಂತ ಜಾಗದಲ್ಲಿ ನನಗೆ ಎರಡು ಸಂಗತಿ ಒಟ್ಟಿಗೆ ತಿಳಿದವು. ನಾನು ಬಳಿದ ಬಣ್ಣವನ್ನೇ ಇವನು ಗುರುತು ಮಾಡಿಕೊಂಡಿದ್ದ, ಇಷ್ಟು ವರ್ಷವೂ ನನ್ನ ಗೋಡೆ ನೋಡಿಕೊಂಡೇ ಬಲೆ ಬಿಡುತ್ತಿದ್ದ, ಆ ಡಬ್ಬಗಳನ್ನು ಇಟ್ಟದ್ದು ಅದಕ್ಕೆ. ಮತ್ತು ಇವನಿಗೆ ಈಗ ಕಣ್ಣು ಕಾಣುತ್ತಿಲ್ಲ. ಮೊದಲನೆಯದಕ್ಕೆ ಸಂತೋಷಪಡುವಷ್ಟು ಪುರುಸೊತ್ತು ಎರಡನೆಯದು ಕೊಡಲಿಲ್ಲ. ನಾನು ಸ್ಪ್ಯಾನರನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೆಳಗಿಳಿದೆ. ಅಡುಗೆಯವನಿಗೆ, "ಹೇಳು, ಈ ವರ್ಷ ಬಳಿದಿಲ್ಲ, ಮರೆತುಹೋಯ್ತು, ತಪ್ಪು ನನ್ನದೇ" ಎಂದೆ. ಅವನು ನನ್ನ ಉಗುರು ನೋಡಿದ, ಮೇಲೆ ಹೋದ. ಜೀವಮಾನದಲ್ಲಿ ಒಮ್ಮೆ ಅವನು ನನ್ನ ಮಾತನ್ನು ಇದ್ದ ಹಾಗೇ ಮುಟ್ಟಿಸಿದ. ಆ ದಿನ ಖಾಲಿ ಬೋಟು ತಂದೆವು. ಸಂಜೆ ನಾನು ಆ ಗೋಡೆಗೆ ಮತ್ತೊಮ್ಮೆ ಬಣ್ಣ ಬಳಿದೆ, ಮಾತು ಸುಳ್ಳಾಗಬಾರದಲ್ಲ. ನೀವೆಲ್ಲ ಬೀದಿಯಲ್ಲಿ ನಿಂತು ನಕ್ಕಿರಿ, ಗುಲಾಬಿಗೆ ತಲೆ ಕೆಟ್ಟಿತು ಎಂದಿರಿ.

ಆದರೆ ಕಣ್ಣಿನ ಡಾಕ್ಟರರ ಹತ್ತಿರ ಸುಳ್ಳು ನಡೆಯುವುದಿಲ್ಲ. ಅವರು ಇನ್ನು ಸಮುದ್ರ ಬೇಡ ಎಂದರು. ಅದಕ್ಕೇ ಈ ಸನ್ಮಾನ, ಈ ಫಲಕ, ಈ ಪ್ಲಾಸ್ಟಿಕ್ ಹೂವು. ನಾಳೆಯಿಂದ ಚುಕ್ಕಾಣಿ ನನ್ನ ಕೈಗೆ. ನೀವೆಲ್ಲ ನನ್ನ ಬೆನ್ನು ತಟ್ಟುತ್ತಿದ್ದೀರಿ, ನನಗೆ ಮಾತ್ರ ರಾತ್ರಿ ನಿದ್ದೆಯಿಲ್ಲ. ಅಪ್ಪನ ಬಂಡೆಗೆ ಎರಡು ಗೆರೆ ಬೇಕು. ಒಂದು ನನ್ನ ಹಿಂಗೋಡೆ, ಅದು ಗುಡ್ಡದ ಸೀಳಿನ ನೇರ ಕೆಳಗೆ ಬರಬೇಕು, ಅಷ್ಟನ್ನು ನಾನೇ ಕಂಡುಕೊಂಡೆ. ಇನ್ನೊಂದು ಗೆರೆ...

ಅಯ್ಯೋ.

ಇಷ್ಟು ಹೊತ್ತು ಯಾರೂ ಕಿವಿಗೊಡದ ಭಾಷಣಕ್ಕೆ ಈಗ ಹಿಂದಿನ ಸಾಲಿನ ಬೋಟಿನವರೆಲ್ಲ ಕತ್ತು ಮುಂದೆ ಚಾಚಿದ್ದೀರಿ. ಅರ್ಧ ಗುಟ್ಟು ಬಾಯಿಬಿಟ್ಟೆನಲ್ಲ. ಅಪ್ಪ ನನಗೇಕೆ ಹೇಳಲಿಲ್ಲ ಎಂಬುದು ಈಗ ಸಭೆಗೂ ಅರ್ಥವಾಗಿರಬೇಕು. ಅಗೋ, ಸನ್ಮಾನಿತರು ಹಣೆ ಚಚ್ಚಿಕೊಳ್ಳುತ್ತಿದ್ದಾರೆ. ಚಚ್ಚಿಕೋ ಅಣ್ಣ. ಅಡುಗೆಯವನೇ, ನೀನು ಏಳಬೇಡ, ಕುಳಿತಿರು, ಇದನ್ನು ನಾನೇ ಹೇಳುತ್ತೇನೆ.

ಅಣ್ಣ, ಗೋಡೆಗೆ ಆ ದಿನ ಬಣ್ಣ ಇತ್ತು. ಚೆನ್ನಾಗಿಯೇ ಇತ್ತು. ನೀನು ಚುಕ್ಕಾಣಿ ಹಿಡಿದು ಆ ಕಡೆ ಈ ಕಡೆ ಹುಡುಕುವುದನ್ನು ನೋಡಲು ನನಗೆ ಆಗಲಿಲ್ಲ, ಅದಕ್ಕೆ ಇಲ್ಲವೆಂದೆ. ಬಂಡೆ ನನಗೆ ಹೇಳಬೇಕೆನ್ನಿಸಿದರೆ ಹೇಳು, ಬೇಡವೆನಿಸಿದರೆ ನಿನ್ನ ಹತ್ತಿರವೇ ಇಟ್ಟುಕೋ, ಸಮುದ್ರದಲ್ಲಿ ಬೇರೆ ಮೀನಿಲ್ಲವೇ? ಆದರೆ ನಾಳೆ ಬೋಟಿನಲ್ಲಿ ಬಂದು ಕೂತುಕೋ. ನಿನಗೆ ಕಾಣದಿದ್ದರೆ ನಾನು ನೋಡಿ ಹೇಳುತ್ತೇನೆ. ನಾನು ತಪ್ಪು ಕಡೆ ತಿರುಗಿಸಿದರೆ ಬೈ. ನೇರವಾಗಿ ಬೈ. ಇಪ್ಪತ್ತು ವರ್ಷದಿಂದ ನಿನ್ನ ಬೈಗುಳವನ್ನೆಲ್ಲ ಇವನು ಅರ್ಧ ದಾರಿಯಲ್ಲಿ ನೀರು ಬೆರೆಸಿ ಕೊಡುತ್ತಿದ್ದಾನೆ, ನನಗೆ ಅದು ಸಾಕಾಗಿದೆ.

ಏನು? ಅಧ್ಯಕ್ಷರೇ, ಅವನು ಏನೋ ಹೇಳುತ್ತಿದ್ದಾನೆ, ನಿಮಗೆ ಕೇಳಿಸಿತೇ? ನಿಮಗಲ್ಲವೇ? ನನಗೇ?

ಸಭಿಕರೇ, ಊರಿನ ಬಗ್ಗೆ ಇನ್ನೂ ಬಹಳ ಹೇಳುವುದಿತ್ತು. ಉಳಿದದ್ದನ್ನು ಅಧಿಕಾರಿಗಳು ಕ್ಷೌರದ ಅಂಗಡಿಯಲ್ಲಿ ಕೇಳಿ ತಿಳಿಯಬಹುದು. ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ಕೆಮ್ಮಿ ಕೆಮ್ಮಿ ಗಂಟಲು ಕೆಡಿಸಿಕೊಂಡ ಕಾರ್ಯದರ್ಶಿಗಳಿಗೆ, ಹೇಳಲು ಏನನ್ನೂ ಉಳಿಸದೆ ನಾನು ಮೋಸ ಮಾಡಿದ ಟೀಚರಮ್ಮನವರಿಗೆ, ನಿಮಗೆಲ್ಲರಿಗೂ ನನ್ನ ವಂದನೆಗಳು. ಅಣ್ಣ ಕೈಸನ್ನೆ ಮಾಡಿ ಕಿವಿ ಹತ್ತಿರ ತಾ ಎನ್ನುತ್ತಿದ್ದಾನೆ. ಬಂದೆ ಅಣ್ಣ, ಬಂದೆ, ಅಲ್ಲೇ ಇರು, ಮೆಲ್ಲಗೆ ಹೇಳು, ಇಲ್ಲಿರುವವರೆಲ್ಲ ಕಳ್ಳರು.

ನಮಸ್ಕಾರ. ಕಾರ್ಯದರ್ಶಿಗಳೇ, ಮೊದಲು ಆ ಮೈಕು ಆಫ್ ಮಾಡಿ.